ವಡೋದರಾದಲ್ಲಿ ಹಲಗಿ

ಮೊದಲ ದಿನವೇ ಕಪಾಟಿನಲ್ಲಿಟ್ಟ ಲೋಟಗಳು ತಾವಾಗಿ ಕುಣಿಯತೊಡಗಿದವು. ಭೂಕಂಪವೆಂದು ನಾವು ಮೂವರೂ ಬರಿಗಾಲಲ್ಲಿ ಬೀದಿಗೆ ಓಡಿದೆವು. ಎದುರುಮನೆಯ ಹೆಂಗಸು ನಗುತ್ತ ಗೋಡೆಯಾಚೆ ಬೆರಳು ತೋರಿಸಿದಳು. ಅಲ್ಲಿ ಮಗ್ಗದ ಕಾರ್ಖಾನೆ ಶುರುವಾಗಿತ್ತು. ಬ್ಯಾಂಕಿನ ವರ್ಗಾವಣೆ ನಮ್ಮನ್ನು ಬಾಗಲಕೋಟೆಯಿಂದ ತಂದು ಸೂರತ್ತಿನ ಉಧ್ನಾದಲ್ಲಿ ಇಳಿಸಿದ್ದು ಹೀಗೆ.

ಇಲ್ಲಿನ ಬೇಳೆಸಾರು ಉಂಡಾಗಲೆಲ್ಲ ಹೆಂಡತಿ ಶಾಂತಾಳಿಗೆ ಇದು ಸಾರೋ ಪಾಯಸವೋ ಎಂಬ ಅನುಮಾನ. ಮನೆ ತೋರಿಸಿದವರು ಹೆಸರು ಕೇಳುವ ಮೊದಲು ಮೊಟ್ಟೆ ತಿನ್ನುತ್ತೀರಾ ಎಂದು ಕೇಳಿದರು. ಇದನ್ನೆಲ್ಲ ಹೇಗೋ ನುಂಗಿಕೊಂಡೆವು. ನುಂಗಲಾಗದ್ದು ಒಂಬತ್ತನೆಯ ತರಗತಿಯ ಮಗಳು ಸುಮಾಳ ಮೌನ. ಊರಲ್ಲಿ ಅರಳು ಹುರಿದಂತೆ ಮಾತಾಡುತ್ತಿದ್ದವಳು ಇಲ್ಲಿ ಶಾಲೆಯಿಂದ ಬಂದರೆ ತುಟಿ ಪಿಟಕ್ಕೆನ್ನುತ್ತಿರಲಿಲ್ಲ.

ಅವಳನ್ನು ಬದುಕಿಸಿದ್ದು ಹೈಸ್ಕೂಲಿನ ತಾಳವಾದ್ಯ ತಂಡ. ಹೋಳಿ ಹಬ್ಬಕ್ಕೆ ನಮ್ಮೂರ ಓಣಿಓಣಿಯಲ್ಲಿ ಬಾರಿಸುವ ಹಲಗಿಯ ಪೆಟ್ಟನ್ನು ಅವಳು ಡೆಸ್ಕಿನ ಮೇಲೆ ಬಡಿಯುತ್ತಿದ್ದಾಗ ಮೇಷ್ಟ್ರು ಕೇಳಿಸಿಕೊಂಡರಂತೆ. ವಡೋದರಾದ ಶಾಲೆಗಳ ಮೇಳದಲ್ಲಿ ಇದನ್ನು ಢೋಲು, ಡ್ರಮ್ಮುಗಳ ಮೇಲೆ ಬಾರಿಸೋಣ, ಜನ ಒಪ್ಪದಿದ್ದರೆ ಬಿಟ್ಟುಬಿಡೋಣ ಎಂದರಂತೆ. ಅಂದಿನಿಂದ ನಮ್ಮ ಮನೆಯ ಒಂದು ತಾಟೂ ಸಪಾಟಾಗಿ ಉಳಿಯಲಿಲ್ಲ. ಜನ ಒಪ್ಪದಿದ್ದರೆ ಮಗಳು ಮತ್ತೆ ಮೂಕಿಯಾಗುತ್ತಾಳೆ ಎಂಬುದೊಂದೇ ನನ್ನ ಹೆದರಿಕೆ.

ಮೇಳದ ದಿನ ನಾವಿಬ್ಬರೂ ಹೋದಾಗ ವಡೋದರಾದ ಶಾಲೆಯೊಂದರ ಮೈದಾನ ತುಂಬಿಹೋಗಿತ್ತು. ತಂಡ ಮೊದಲು ಇಲ್ಲಿಯದೇ ತಾಳಗಳನ್ನು ಬಾರಿಸಿತು. ಆಮೇಲೆ ಸುಮಾ ಮುಂದೆ ಬಂದು ಹಲಗಿಯ ಪೆಟ್ಟು ಎತ್ತಿದಳು. ಮುಂದಿನ ಸಾಲಿನ ಹೆಂಗಸರು ಎದ್ದರು, ಅವರ ಹಿಂದಿನ ಸಾಲೂ ಎದ್ದಿತು. ನಮ್ಮಲ್ಲಿ ನಾಟಕ ಕೆಟ್ಟಾಗ ಜನ ಏಳುವುದು ಹೀಗೆಯೇ.

"ಮಂದಿ ಎದ್ದು ಹೊಂಟಾರ್ರೀ," ಎಂದಳು ಶಾಂತಾ. "ಕೂಸಿನ ಮಾರಿ ನೋಡಾಕ ಆಗವಲ್ದು."

ಎದ್ದವರು ಗೇಟಿನತ್ತ ಹೋಗಲಿಲ್ಲ. ಚಪ್ಪಲಿ ಕಳಚಿಟ್ಟು, ಮೈದಾನದ ನಡುವೆ ಸುತ್ತುಗಟ್ಟಿ, ಚಪ್ಪಾಳೆ ತಟ್ಟುತ್ತ ಗರಬಾ ಕುಣಿಯತೊಡಗಿದರು. ನವರಾತ್ರಿ ಮುಗಿದ ಮೇಲೆ ಈ ಸೀಮೆಗೆ ಬಂದ ನಮಗೆ ಇದೆಲ್ಲಿ ಗೊತ್ತು? ತಾಳ ಹಿಡಿಸಿದರೆ ಇಲ್ಲಿ ಯಾರೂ ಕುಳಿತು ತಲೆದೂಗುವುದಿಲ್ಲ. ನಾವಿಬ್ಬರೂ ಚಪ್ಪಲಿ ಬಿಟ್ಟು ನುಗ್ಗಿದೆವು, ಹೆಜ್ಜೆ ತಪ್ಪಿ ಕಂಡಕಂಡವರ ಕಾಲು ತುಳಿದೆವು. ಸುಮಾ ಲಯ ಏರಿಸಿದಳು, ತಂಡ ಅವಳ ಬೆನ್ನು ಹತ್ತಿತು, ಮೈದಾನವಿಡೀ ಗಿರಗಿರನೆ ತಿರುಗಿತು. ಅಂಥ ಸಂತೋಷ ನನಗೆ ಊರಿನ ಯಾವ ಹೋಳಿಯಲ್ಲೂ ಆಗಿರಲಿಲ್ಲ.

ಎಲ್ಲ ಮುಗಿದ ಮೇಲೆ ಮುದುಕರೊಬ್ಬರು ಬೆವರು ಒರೆಸಿಕೊಳ್ಳುತ್ತ ಬಂದು, ಇದು ಎಲ್ಲಿಯ ತಾಳ ಎಂದು ಸುಮಾಳನ್ನು ಕೇಳಿದರು. ತಂಡದ ಹುಡುಗಿಯರು ಅವಳ ಹೆಗಲ ಮೇಲೆ ಕೈ ಹಾಕಿ ನಿಂತಿದ್ದರು.

"ಅಮಾರೊ," ಎಂದಳು ಮಗಳು. "ಸುರತ್‌ನೊ."

ನಮ್ಮದು, ಸೂರತ್ತಿನದು. ಅವಳ ಬಾಯಲ್ಲಿ ಗುಜರಾತಿ ಕೇಳಿ ನನ್ನ ಎದೆ ಉಬ್ಬಿತು, ಅರ್ಥವಾದೊಡನೆ ಅದೇ ಎದೆ ಚುಳ್ಳೆಂದಿತು. ಬಾಗಲಕೋಟೆ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಮುದುಕರು ನನ್ನತ್ತ ತಿರುಗಿ, ನೀವು ಎಲ್ಲಿಯವರು ಎಂದರು.

ಊರಿನ ಹೆಸರು ಹೇಳಿದರೆ ಮಗಳ ಮಾತು ಸುಳ್ಳಾಗುತ್ತಿತ್ತು. ಸೂರತ್ತಿನವನು ಎನ್ನಲು ನನ್ನ ನಾಲಿಗೆ ಹೊರಳಲಿಲ್ಲ.

"ನಾನು ಇವಳ ಅಪ್ಪ," ಎಂದೆ.