ಸಿಮೆಂಟ್ ಲಾರಿಯಲ್ಲಿ ಬಂದ ದಿಬ್ಬಣ

ನಮ್ಮ ಮದುವೆಯ ಫೋಟೋದಲ್ಲಿ ಅತ್ತೆಯವರ ಇಳಕಲ್ ಸೀರೆಯ ಸೆರಗಿಗೆ ಸಿಮೆಂಟಿನ ಹುಡಿ ಮೆತ್ತಿಕೊಂಡಿದೆ. ನೋಡಿದವರು ಫೋಟೋ ಹಳತಾಗಿ ಮಾಸಿದೆ ಎಂದುಕೊಳ್ಳುತ್ತಾರೆ. ನಾನೂ ತಿದ್ದಲು ಹೋಗುವುದಿಲ್ಲ. ನೀವು ಸ್ನೇಹಿತರು, ಪುರುಸೊತ್ತಾಗಿ ಕುಳಿತಿದ್ದೀರಿ, ನಿಮಗೆ ಹೇಳಬಹುದು.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ಅಪ್ಪ ಪುಣೆಯ ಕಾರ್ಖಾನೆಯೊಂದರಲ್ಲಿದ್ದರು, ನಮ್ಮ ಮನೆ ಧನಕವಡಿಯಲ್ಲಿತ್ತು. ವರನ ಕಡೆಯವರು ಕಲಬುರ್ಗಿಯಿಂದ ರೈಲಿನಲ್ಲಿ ಬರುವವರು. ಮದುವೆ ಶಿವಾಜಿನಗರದ ಮಂಗಲ ಕಾರ್ಯಾಲಯದಲ್ಲಿ; ಕಲ್ಯಾಣ ಮಂಟಪಕ್ಕೆ ಅಲ್ಲಿ ಹಾಗೆನ್ನುತ್ತಾರೆ. ದಿಬ್ಬಣವನ್ನು ನಿಲ್ದಾಣದಿಂದ ಕರೆತರುವ ಹೊಣೆಯನ್ನು, ಯಾರೂ ಕೊಡುವ ಮೊದಲೇ, ಸೋದರಮಾವ ಬಸಣ್ಣ ಮಾಮಾ ಹೊತ್ತುಕೊಂಡಿದ್ದರು. ಊರಿನ ವಾಹನಸಂಚಾರವನ್ನು ಸುಧಾರಿಸಲೆಂದೇ ತೆರೆದು, ಸುಧಾರಣೆಯೊಂದನ್ನು ಮಾತ್ರ ಬಾಕಿ ಇಟ್ಟುಕೊಂಡಿದ್ದ ಕಚೇರಿಯೊಂದರಲ್ಲಿ ಅವರು ಗುಮಾಸ್ತರು. ನಂಟರೆಲ್ಲ ಅವರನ್ನು ಒತ್ತಕ್ಷರ ಸೇರಿಸಿ ‘ಬಸ್ಸಣ್ಣ’ ಎಂದೇ ಕರೆಯುತ್ತಿದ್ದರು.

“ನೋಡ್ರಿ ಭಾವಾರ,” ಎಂದು ಅಪ್ಪನಿಗೆ ಹೇಳಿದ್ದರು, “ರೈಲು ಬಂತು ಅಂದ್ರ ಬಸ್ಸು ನಿಂತಿರ್ತದ. ಬಸ್ಸು ಬಂತು ಅಂದ್ರ ನಾಷ್ಟಾ ತಯಾರಿರ್ತದ. ನಾಷ್ಟಾ ಮುಗೀತು ಅಂದ್ರ ಅಕ್ಕಿಕಾಳು. ಒಂದಕ್ಕೊಂದು ಕೊಂಡಿ ಹಾಕೀನಿ, ನಡುವ ಒಂದು ಇರಿವಿನೂ ತೂರಂಗಿಲ್ಲ.”

ಇರುವೆ ತೂರಲಿಲ್ಲ, ಮುಷ್ಕರ ತೂರಿತು.

ಮದುವೆಯ ಬೆಳಿಗ್ಗೆ ಸಿಟಿ ಬಸ್ಸಿನವರೆಲ್ಲ ಕೆಲಸ ನಿಲ್ಲಿಸಿದರು. ಬಸ್ಸಿಲ್ಲವೆಂದು ಜನ ಆಟೊಗಳಿಗೆ ಮುಗಿಬಿದ್ದರು. ಆಟೊಗಳು ಪೆಟ್ರೋಲಿಗೆ ಸಾಲುಗಟ್ಟಿದವು. ಸಾಲು ಬೆಳೆದು ರಸ್ತೆಯನ್ನೇ ಕಟ್ಟಿತು. ಟಾಂಗಾದ ಕುದುರೆಗಳು ನಿಂತಲ್ಲೇ ಮೇವು ತಿನ್ನತೊಡಗಿದವು. ನಿಲ್ದಾಣದಿಂದ ಹೊರಬೀಳಲಾಗದ ಪ್ರಯಾಣಿಕರು ಪ್ಲಾಟ್‌ಫಾರ್ಮಿನಲ್ಲೇ ಹಾಸಿಗೆ ಬಿಚ್ಚಿದರು. ಮಾಮಾ ಹೇಳಿದ್ದು ಸುಳ್ಳಲ್ಲ. ಎಲ್ಲವೂ ಒಂದಕ್ಕೊಂದು ಎಷ್ಟು ಅಚ್ಚುಕಟ್ಟಾಗಿ ಹೆಣೆದುಕೊಂಡಿದ್ದವೆಂದರೆ, ಒಂದು ಬಿದ್ದೊಡನೆ ಉಳಿದವೂ ಸೌಜನ್ಯಕ್ಕೆಂಬಂತೆ ಜೊತೆಗೇ ಬಿದ್ದವು.

ಹಿಂದಿನ ರಾತ್ರಿಯೇ ಕಾರ್ಯಾಲಯಕ್ಕೆ ಬಂದಿದ್ದ ನಾನು ಅರಿಶಿನದ ಸೀರೆಯುಟ್ಟು ಅಲ್ಲಿನ ಒಳಕೋಣೆಯಲ್ಲಿ ಕುಳಿತಿದ್ದೆ. “ಸ್ಟೇಶನ್ನಿಗೆ ಯಾರೂ ಬರಲಿಲ್ಲ ಅಂತ ಬೀಗರು ಸಿಟ್ಟಾಗಿ ತಿರುಗಿ ಹೋದ್ರ?” ಎಂದು ಚಿಕ್ಕಮ್ಮ ಪಿಸುಗುಟ್ಟಿದ್ದು ನನಗೆ ಕೇಳಿಸಲಿ ಎಂದೇ ಇದ್ದಂತಿತ್ತು. ಹಿಂದೊಮ್ಮೆ ಚಹಾ ತಣ್ಣಗಿತ್ತೆಂಬ ಕಾರಣಕ್ಕೆ ನನ್ನ ಒಂದು ಸಂಬಂಧ ಮುರಿದುಬಿದ್ದಿತ್ತು. ಹೊರಗೆ ಅಪ್ಪನ ದನಿ ಕೇಳಿಸಿತು.

“ಬಸಣ್ಣಾ, ಈಗೇನ ಮಾಡೂದೋ?”

“ಪರ್ಯಾಯ ವ್ಯವಸ್ಥಾ ಪರಿಶೀಲನಾದಾಗ ಅದ, ಭಾವಾರ.”

ಅಪ್ಪ ಚಪ್ಪಲಿ ಮೆಟ್ಟಿಕೊಂಡು ನಿಲ್ದಾಣದತ್ತ ನಡೆದೇ ಹೊರಟರು. ಅವರು ಗೇಟು ದಾಟುವಷ್ಟರಲ್ಲಿ ಸೋಬಾನೆ ಪದ ಕೇಳಿಸಿತು. ನಾನು ನಾಚಿಕೆ ಬಿಟ್ಟು ಕಿಟಕಿಗೆ ಓಡಿದೆ. ಸಿಮೆಂಟಿನ ಲಾರಿಯೊಂದು ಒಳಗೆ ಬರುತ್ತಿತ್ತು. ಮೇಲೆ ಬುಟ್ಟಿ ಸಲಿಕೆಗಳ ನಡುವೆ ವರ, ಒಂದು ಕೈಯಲ್ಲಿ ತಲೆಯ ರುಮಾಲನ್ನೂ ಇನ್ನೊಂದರಲ್ಲಿ ಲಾರಿಯ ಹಗ್ಗವನ್ನೂ ಹಿಡಿದು ನಿಂತಿದ್ದ. ಹಾಡುತ್ತಿದ್ದವರು ಗಾರೆ ಕೆಲಸದ ಹೆಂಗಸರು.

ಆದದ್ದಿಷ್ಟು. ನಿಲ್ದಾಣದ ಹೊರಗೆ ದಿಕ್ಕುಗಾಣದೆ ನಿಂತಿದ್ದ ಅತ್ತೆಯವರಿಗೆ, ಯೆರವಡಾ ಕಡೆಯಿಂದ ಕೂಲಿಯವರನ್ನು ತುಂಬಿಕೊಂಡು ಬಂದು ಗದ್ದಲದಲ್ಲಿ ಸಿಕ್ಕಿಕೊಂಡಿದ್ದ ಲಾರಿಯ ಮೇಲಿಂದ ಒಬ್ಬಾಕೆ ಆಟೊದವನನ್ನು ಅಚ್ಚ ಕಲಬುರ್ಗಿ ಕನ್ನಡದಲ್ಲಿ ಬೈಯುವುದು ಕೇಳಿಸಿತು. ಅತ್ತೆ ಕೂಗಿದರು: “ಯಾವೂರಾಕಿಬೇ ನೀ?” ಆಕೆಯ ಹೆಸರು ಸಾಂತವ್ವ; ಊರು ಅತ್ತೆಯ ತವರಿನ ಪಕ್ಕದ್ದೇ. ಮಿಕ್ಕದ್ದಕ್ಕೆ ಯಾವ ಕಚೇರಿಯ ಮಂಜೂರಾತಿಯೂ ಬೇಕಾಗಲಿಲ್ಲ. “ಬಸಾ ಆಜಿ, ಬಸಾ,” ಕೂತುಕೊಳ್ಳಿ ಅಜ್ಜಿ ಎಂದು ಮರಾಠಿ ಡ್ರೈವರ್ ತನ್ನ ಪಕ್ಕದ ಸೀಟನ್ನೇ ಒರೆಸಿಕೊಟ್ಟನಂತೆ. ಕೂಲಿಯವರು ಇಳಿದು ಆಟೊಗಳನ್ನು ಬದಿಗೆ ತಳ್ಳಿ ಲಾರಿಗೆ ದಾರಿ ಮಾಡಿದರಂತೆ.

ಮುಹೂರ್ತದ ಅಕ್ಕಿಕಾಳು ಹೊತ್ತಿಗೆ ಸರಿಯಾಗಿ ನಮ್ಮ ತಲೆಯ ಮೇಲೆ ಬಿತ್ತು. ಊಟದ ವೇಳೆಗೆ ಮಾತ್ರ ಮಾಮಾನ ವ್ಯವಸ್ಥಾಪ್ರಜ್ಞೆ ಮತ್ತೆ ಎಚ್ಚೆತ್ತಿತು. “ಲಾರಿ ಮಂದಿ ಮೈಯೆಲ್ಲ ಸಿಮೆಂಟ್ ಅದ. ಅವರಿಗೆ ಹಿಂದ ಕಟ್ಟಿ ಮ್ಯಾಲ ಬಡಿಸೂಣು.”

ಅತ್ತೆಯವರು ಸೆರಗು ಎತ್ತಿ ತೋರಿಸಿದರು. “ಹಂಗಾರ ನನ್ನ ಎಲಿನೂ ಅಲ್ಲೇ ಹಾಕಸ್ರಿ. ನಾನೂ ಅದೇ ಗಾಡಿಯಿಂದ ಇಳದಾಕಿ.”

ಅವರು ಎದ್ದರೆ ಬೀಗರೆಲ್ಲ ಏಳಬೇಕು, ಎದ್ದರು. ಇಡೀ ದಿಬ್ಬಣ ಹಿತ್ತಲ ಕಟ್ಟೆಗೆ ಹೋಗಿ ಕುಳಿತಿತು. ಮಾಮಾ ಬಿಸಿಲಿನಲ್ಲಿ ಬುಂದಿಯ ಬಕೆಟ್ಟು ಹೊತ್ತು ಅತ್ತಿಂದಿತ್ತ ಓಡಾಡಿದರು. ಮದುವೆ ಸುಸೂತ್ರವಾಗಿದ್ದು ತಮ್ಮ ಪರ್ಯಾಯ ವ್ಯವಸ್ಥೆಯಿಂದಲೇ ಎಂದು ಅವರು ಕೊನೆಯವರೆಗೂ ನಂಬಿದ್ದರು, ಕೇಳಿದವರಿಗೂ ಕೇಳದವರಿಗೂ ಹೇಳಿದರು.

ಲಾರಿ ಹೊರಡುವ ಮುಂಚೆ ಸಾಂತವ್ವ ನನ್ನ ಗಲ್ಲ ಹಿಡಿದಳು. “ನಿಮ್ಮತ್ತಿ ತವರಿಗೆ ಹೋದಾಗ ನಮ್ಮವ್ವನ್ನ ಕಂಡು ಬಾ ಯವ್ವಾ. ನಾ ಆರಾಮ ಅದೀನಿ ಅಂತ ಹೇಳು.”

ಸಂಕ್ರಾಂತಿಗೆ ಹೋದೆ. ಆ ಊರಿಗೆ ಬಸ್ಸಿರಲಿಲ್ಲ; ಜೋಳದ ಹೊಲಗಳ ನಡುವೆ ನಾನೂ ನನ್ನವರೂ ನಡೆದೆವು. ಮುದುಕಿಗೆ ಕಣ್ಣು ಕಾಣುತ್ತಿರಲಿಲ್ಲ. ಮಗಳ ಸುದ್ದಿ ಹೇಳಿದೊಡನೆ ನನ್ನ ಅಂಗೈಯನ್ನು ತನ್ನ ಕೈಗಳಲ್ಲಿ ತೆಗೆದುಕೊಂಡು, “ಭಾಳ ಸೊರಗ್ಯಾಳೇನು?” ಎಂದಳು.

“ಇಲ್ಲಬೇ,” ಎಂದೆ, “ಲಾರಿ ಮ್ಯಾಲ ನಿಂತು ಜೋರಾಗಿ ಹಾಡ್ತಿದ್ಲು.”

ಮುದುಕಿ ಕೈ ಬಿಡದೆ, ಯಾವ ಪದ ಎಂದು ಕೇಳಿದಳು. ನನಗೆ ನೆನಪಿದ್ದಷ್ಟನ್ನು ಹಾಡಿದೆ. ಉಳಿದದ್ದನ್ನು ಆಕೆಯೇ ಹಾಡಿ ಮುಗಿಸಿದಳು.