ಹುಲಿಗೆಮ್ಮ ಎತ್ತಿದ ಕೈ

ಬೆಳಕು ಹರಿಯುವ ಹೊತ್ತಿಗೆ ಹುಲಿಗೆಮ್ಮ ಆರೋಗ್ಯ ಉಪಕೇಂದ್ರದ ನೆಲ ಒರೆಸುತ್ತಿದ್ದಾರೆ. ಶಿಕಾರಿಪುರದಿಂದ ಬಂದಳಿಕೆ ಕಡೆಗೆ ಹೋಗುವ ದಾರಿಯ ಸಣ್ಣ ಹಳ್ಳಿ ಇದು. ಇವತ್ತು ಗುರುವಾರ, ಮಕ್ಕಳಿಗೆ ಚುಚ್ಚುಮದ್ದಿನ ದಿನ. ಚಾವಣಿಯ ದುರಸ್ತಿ ಈಗಷ್ಟೇ ಮುಗಿದಿದೆ. ಎಲ್ಲೆಡೆ ಸಿಮೆಂಟಿನ ಧೂಳು.

“ತಾಯಂದ್ರು ಮಕ್ಳನ್ನ ನೆಲದ ಮ್ಯಾಲೆ ಬಿಡ್ತಾರೆ ರೀ. ಧೂಳು ಇರಬಾರ್ದು,” ಎನ್ನುತ್ತಾರೆ, ಬಟ್ಟೆ ಹಿಂಡುತ್ತಾ.

ಗಂಡ ತೀರಿಕೊಂಡ ವರ್ಷ ಪಂಚಾಯಿತಿಯವರು ಕೊಟ್ಟ ಕೆಲಸ ಇದು. ಗುಡಿಸುವುದು, ನೀರು ತುಂಬುವುದು, ಗರ್ಭಿಣಿಯರಿಗೆ ಬೆಂಚು ಹಾಕುವುದು. ಕಾಯಂ ಅಲ್ಲ. ಮಧ್ಯಾಹ್ನದ ಮೇಲೆ ಗದ್ದೆ ಕೂಲಿ.

ಹೋದ ಮಳೆಗಾಲದಲ್ಲಿ ಮಾನಸ ಎಂಬ ಬಾಣಂತಿ ತನ್ನ ಕೂಸನ್ನು ಇಲ್ಲಿನ ಮೇಜಿನ ಮೇಲೆ ಮಲಗಿಸಿದ್ದಾಗ ಚಾವಣಿಯ ಗಾರೆ ಕಳಚಿತು. ಪಕ್ಕದಲ್ಲಿದ್ದ ಹುಲಿಗೆಮ್ಮ ಕೂಸಿನ ಮೇಲೆ ಬಾಗಿದರು. ಪೆಟ್ಟು ಇವರ ಹೆಗಲಿಗೆ ಬಿತ್ತು. ಈಗಲೂ ಆ ಕೈಯಲ್ಲಿ ತುಂಬಿದ ಕೊಡ ಎತ್ತಲಾಗುವುದಿಲ್ಲ.

ಆದರೂ ದುರಸ್ತಿ ಆಗಲಿಲ್ಲ. ಕಟ್ಟಿಸಿದ್ದು ಒಂದು ಇಲಾಖೆ, ನಡೆಸುವುದು ಇನ್ನೊಂದು, ಜಾಗ ಪಂಚಾಯಿತಿಯದು. ಪ್ರತಿಯೊಬ್ಬರೂ ಮತ್ತೊಬ್ಬರ ಕಡೆ ಬೆರಳು ತೋರಿಸಿದರು. ನರ್ಸ್ ನಯನ ಹೊರಗಿನ ಜಗಲಿಯಲ್ಲೇ ಚುಚ್ಚುಮದ್ದು ಕೊಡತೊಡಗಿದರು.

ಅಷ್ಟರಲ್ಲಿ, ಸರ್ಕಾರಿ ಕಟ್ಟಡಗಳ ಹೊಣೆಯನ್ನೆಲ್ಲ ತಾಲ್ಲೂಕು ಮಟ್ಟದ ಒಂದೇ ಪ್ರಾಧಿಕಾರಕ್ಕೆ ಒಪ್ಪಿಸುವ ಪ್ರಸ್ತಾವ ಗ್ರಾಮಸಭೆಗೆ ಬಂತು. ಒಪ್ಪುವವರು ಕೈ ಎತ್ತಬೇಕು. ದುರಸ್ತಿಗೆ ಒಬ್ಬರೇ ಹೊಣೆಗಾರರಾಗುತ್ತಾರೆ. ಆದರೆ ಗುಡಿಸುವ ಕೆಲಸ ಗುತ್ತಿಗೆಗೆ ಹೋಗುತ್ತದೆ.

“ಇವತ್ತು ಕಟ್ಟಡ ಬಿಟ್ಕೊಟ್ರೆ, ನಾಳೆ ಒಂದು ಬಲ್ಬ್ ಹಾಕ್ಸೋಕೂ ತಾಲ್ಲೂಕಿಗೆ ಅಲೀಬೇಕಾಗ್ತದೆ,” ಎಂದರು ಊರ ಹಿರಿಯ ಸದಾಶಿವಪ್ಪ. ಅದೂ ಸುಳ್ಳಲ್ಲ.

“ನಿಮ್ಮ ಕೆಲ್ಸ ಹೋಗುತ್ತೆ ಹುಲಿಗೆಮ್ಮ, ಕೈ ಎತ್ತಬೇಡಿ,” ನಯನ ಪಿಸುಗುಟ್ಟಿದರು.

ಗ್ರಾಮಸಭೆಯಲ್ಲಿ ಎಂದೂ ಬಾಯಿ ಬಿಡದ ಹುಲಿಗೆಮ್ಮ ಎದ್ದು ನಿಂತರು. “ಯಜಮಾನ್ರೆ, ಅಲೆಯೋದು ಈಗ್ಲೂ ಐತಲ್ರೀ. ಯಾರ ತಾವ ಹೋಗ್ಬೇಕು ಅನ್ನೋದಾದ್ರೂ ಗೊತ್ತಾಗ್ಲಿ,” ಎಂದು ನೋವಿಲ್ಲದ ಕೈ ಎತ್ತಿದರು. ಮಾನಸ ಎತ್ತಿದಳು, ಅವಳ ಅತ್ತೆ ಎತ್ತಿದರು, ಆಮೇಲೆ ಹೆಂಗಸರ ಸಾಲಿಗೆ ಸಾಲೇ. ಪ್ರಸ್ತಾವ ಪಾಸಾಯಿತು. ಹೊಸ ಪ್ರಾಧಿಕಾರ ಮೊದಲು ಮಾಡಿಸಿದ್ದೇ ಈ ಚಾವಣಿಯ ದುರಸ್ತಿ.

ಗುತ್ತಿಗೆಯವರ ಕಡೆಯ ಹೆಂಗಸು ಮುಂದಿನ ತಿಂಗಳು ಸೊರಬದಿಂದ ಬರುತ್ತಾರಂತೆ. ಹುಲಿಗೆಮ್ಮ ಇಡೀ ದಿನ ಗದ್ದೆಗೇ ಹೋಗಬೇಕು, ಈ ಹೆಗಲು ಇಟ್ಟುಕೊಂಡು.

ಬೇಜಾರಿಲ್ಲವೇ ಎಂದರೆ ಒರೆಸುವ ಬಟ್ಟೆಯನ್ನು ಮತ್ತೆ ನೀರಿಗೆ ಅದ್ದುತ್ತಾರೆ.

“ಐತೆ ರೀ. ಸುಳ್ಳು ಯಾಕೆ ಹೇಳ್ಲಿ? ಆದ್ರೆ ಅವತ್ತು ನನ್ ಕೂಲಿ ನೋಡ್ಕಂಡು ಸುಮ್ನೆ ಕುಂತಿದ್ರೆ, ಈ ಕೋಣೆ ಒಳಗೆ ಕಾಲಿಡಾಕೆ ನಂಗೇ ಆಗ್ತಿರ್ಲಿಲ್ಲ.”