ಸಾರಕ್ಕಿಯ ಸಮುದ್ರ

ಸಮುದ್ರದ ಕೆಲಸ ಸಿಕ್ಕಿದೆ ಎಂದಾಗ ನಮ್ಮಮ್ಮ, "ಮಂಗಳೂರಿಗೆ ಹೋಗ್ಬೇಕೇನೇ?" ಎಂದು ಗಾಬರಿಯಾದಳು. ಹೋಗಬೇಕಾದದ್ದು ಜೆ.ಪಿ. ನಗರಕ್ಕೆ. ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು, ಬಡಾವಣೆಯ ಸೈಟುಗಳಲ್ಲಿ ಅರ್ಧಕ್ಕರ್ಧ ಖಾಲಿ. ಸಾರಕ್ಕಿ ಊರಿನ ಬೆನ್ನಿಗೆ, ಹಿಂದೆ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ, ತಗಡು ಹೊದಿಸಿದ ಉದ್ದನೆಯ ಶೆಡ್ಡು. ಅದರೊಳಗೆ ಇಟ್ಟಿಗೆ ಸಿಮೆಂಟಿನಲ್ಲಿ ಕಟ್ಟಿದ ಒಂದು ತೊಟ್ಟಿ. ಎತ್ತರ ಮೊಣಕಾಲಿಗಿಂತ ತುಸು ಹೆಚ್ಚು, ಅಗಲ ಮದುವೆ ಛತ್ರದ ಊಟದ ಹಾಲಿನಷ್ಟು. ಒಂದು ಕಡೆ ಮರಳಿನ ತೀರ, ಎದುರುಗಡೆ ಮೋಟಾರಿಗೆ ಜೋಡಿಸಿದ ಉದ್ದನೆಯ ಹಲಗೆ. ಮೋಟಾರು ಓಡಿದರೆ ಹಲಗೆ ಹಿಂದೆ ಮುಂದೆ ಆಡುತ್ತಿತ್ತು. ನೀರು ಅಲೆಯಾಗಿ ಹೋಗಿ ಮರಳಿಗೆ ಬಡಿಯುತ್ತಿತ್ತು. ನನಗೆ ಸಿಕ್ಕ ಸಮುದ್ರ ಅದು.

ನಮ್ಮ ಕರಾವಳಿಯ ಒಂದು ಕಡೆ ನದಿ ನೇರವಾಗಿ ಸಮುದ್ರ ಸೇರುವುದಿಲ್ಲ. ಸೇರುವ ಮುಂಚೆ ಸ್ವಲ್ಪ ದೂರ ಅದರ ಪಕ್ಕಪಕ್ಕದಲ್ಲೇ ಹರಿಯುತ್ತದೆ. ಎರಡರ ನಡುವೆ ನಾಲಗೆಯಂತೆ ಚಾಚಿಕೊಂಡ ಮರಳಿನ ದಿಬ್ಬ, ಆ ದಿಬ್ಬದ ಮೇಲೆ ಮೀನುಗಾರರ ಊರು. ಪ್ರತಿ ಮಳೆಗಾಲವೂ ಸಮುದ್ರ ಅದನ್ನು ಅಷ್ಟಷ್ಟೇ ತಿನ್ನುತ್ತಿತ್ತು. ಕಲ್ಲಿನ ತಡೆಗೋಡೆ ಎಲ್ಲಿ ಹಾಕಿದರೆ ಊರು ಉಳಿದೀತು ಎಂದು ಕಂಡುಹಿಡಿಯಲು ಆ ತೀರವನ್ನು ನಾವು ಸಾರಕ್ಕಿಯಲ್ಲಿ ಚಿಕ್ಕದಾಗಿ ಕಟ್ಟಿದ್ದೆವು. ನಾನು ಒಂದು ಹೆಜ್ಜೆ ಇಟ್ಟರೆ ಅಲ್ಲಿನ ಒಂದು ಕೇರಿ ದಾಟಿದಂತೆ. ಮನೆಗಳಿಗೆ ಬದಲಾಗಿ ಮರದ ತುಂಡುಗಳು.

ನನ್ನ ಮೇಲಧಿಕಾರಿ ಊರೊಳಗಿನ ಕಚೇರಿಯಲ್ಲಿ ಕೂರುತ್ತಿದ್ದರು. ವಾರಕ್ಕೊಮ್ಮೆ ಸ್ಕೂಟರಿನಲ್ಲಿ ಬಂದು ನೋಡಿ ಹೋಗುತ್ತಿದ್ದರು. ಮಿತಭಾಷಿ. ಒಂದು ದಿನ ತೊಟ್ಟಿಯ ಅಂಚಿನ ಮೇಲೆ ಕೂತು ಅವರು ಹೇಳಿದರು: "ಭೂಮಿ ಬಿಸಿ ಆಗ್ತಾ ಇದೆಯಂತಮ್ಮ. ಮಂಜುಗಡ್ಡೆ ಕರಗಿ ಸಮುದ್ರ ಏರುತ್ತೆ ಅಂತ ಕೆಲವರು ಬರೀತಾ ಇದಾರೆ. ಈಗಿನ ಮಟ್ಟಕ್ಕೆ ಮಾತ್ರ ಲೆಕ್ಕ ಹಾಕಿ ಗೋಡೆ ಕಟ್ಟಿದ್ರೆ ಮುಂದೆ? ಕೊನೇಲಿ ನೀರು ಏರಿಸಿಯೂ ಒಂದ್ಸಲ ನೋಡ್ಬಿಡೋಣ."

"ಯಾರಾದರೂ ಕೇಳಿದಾರಾ ಸಾರ್?"

"ಯಾರೂ ಕೇಳಿಲ್ಲ."

ಇಷ್ಟು ಹೇಳಿ ಹೆಲ್ಮೆಟ್ ಹಾಕಿಕೊಂಡು ಹೊರಟರು.

ವಾರದ ಉಳಿದ ದಿನಗಳೆಲ್ಲ ನಾನೊಬ್ಬಳೇ. ಹೆಂಗಸರು ಎಂಜಿನಿಯರಿಂಗ್ ಓದುವುದೇ ಅಪರೂಪವಾಗಿದ್ದ ಕಾಲ. ಓದಿದ ಮೇಲೆ ಎಲ್ಲಿ ಕೂರಿಸಬೇಕೆಂದು ತಿಳಿಯದೆ ನನ್ನನ್ನು ಶೆಡ್ಡಿಗೆ ಕಳಿಸಿದ್ದರೋ ಏನೋ. ಅಪ್ಪ ತೀರಿಕೊಂಡ ಮೇಲೆ ವಿಲ್ಸನ್ ಗಾರ್ಡನ್ನಿನ ಬಾಡಿಗೆ ಮನೆ ಬಿಟ್ಟಿದ್ದೆವು. ಅಮ್ಮ ಶ್ರೀನಗರದಲ್ಲಿ ನನ್ನ ತಂಗಿಯ ಮನೆ ಸೇರಿದಳು. ತಂಗಿಗೆ ನನಗಿಂತ ಮೊದಲೇ ಮದುವೆಯಾಗಿತ್ತು. ನನ್ನದು ಆಗಲಿಲ್ಲ, ಆಗುವುದಿಲ್ಲ ಎಂದು ನಿಧಾನವಾಗಿ ಎಲ್ಲರಿಗೂ ಅರ್ಥವಾಗಿ ಮಾತು ನಿಂತಿತ್ತು. ಜಯನಗರದಲ್ಲಿ ಒಂದು ಮನೆಯ ಮಹಡಿಯ ಮೇಲೆ ನನ್ನ ಕೋಣೆ. ಭಾನುವಾರ ತಂಗಿಯ ಮನೆಗೆ ಊಟಕ್ಕೆ ಹೋಗುತ್ತಿದ್ದೆ. ಊಟವಾದ ಮೇಲೆ ತಂಗಿಯ ಗಂಡ ಪತ್ರಿಕೆ ಓದುತ್ತಿದ್ದ, ಮಕ್ಕಳು ಮಲಗುತ್ತಿದ್ದವು, ಅಮ್ಮ ನನ್ನ ಕೈ ಹಿಡಿದುಕೊಂಡು ಕೂರುತ್ತಿದ್ದಳು. ಸೋಮವಾರ ಬೆಳಿಗ್ಗೆ ಮೋಟಾರಿನ ಸ್ವಿಚ್ಚು ಹಾಕಿದಾಗ ಬರುತ್ತಿದ್ದ ಗುರುಗುರು ಸದ್ದಿಗೆ ನಾನು "ಆಯ್ತು, ಬಂದೆ" ಎಂದು ಗಟ್ಟಿಯಾಗಿ ಉತ್ತರ ಕೊಡುತ್ತಿದ್ದೆ. ಹಾಗೆ ಮಾತಾಡುತ್ತೇನೆಂದು ನನಗೆ ಗೊತ್ತಾದದ್ದು ಬೇರೊಬ್ಬರು ಕೇಳಿಸಿಕೊಂಡು ನಕ್ಕಾಗ.

ನಕ್ಕವಳು ಸಾರಕ್ಕಿಯ ಒಬ್ಬ ಹೆಂಗಸು. ನನಗಿಂತ ಹತ್ತು ವರ್ಷ ದೊಡ್ಡವಳಿರಬಹುದು. ಎತ್ತರದ ಆಳು, ದೊಡ್ಡ ದನಿ. ಆ ಬೇಸಿಗೆಯಲ್ಲಿ ನೀರಿಗೆ ವಿಪರೀತ ತಾಪತ್ರಯ. ದಿನ ಬಿಟ್ಟು ದಿನ ಬರುತ್ತಿದ್ದ ಕೊಳಾಯಿ ನೀರು ವಾರಕ್ಕೊಮ್ಮೆ ಆಯಿತು, ಆಮೇಲೆ ಬರೀ ಗಾಳಿ. ಅವರ ಬಾವಿಯ ತಳ ಕಾಣುತ್ತಿತ್ತು. ನಮ್ಮ ಶೆಡ್ಡಿನ ಬೋರ್‌ವೆಲ್ ಮಾತ್ರ ಹೇಗೋ ಬತ್ತಿರಲಿಲ್ಲ. ಅವಳು ಬಾಗಿಲಲ್ಲಿ ನಿಂತು, ಸೊಂಟದಲ್ಲಿ ಖಾಲಿ ಬಿಂದಿಗೆ ಇಟ್ಟುಕೊಂಡು, ಒಳಗೆ ಅಲೆ ಏಳುತ್ತಿರುವುದನ್ನು ಬಾಯಿ ತೆರೆದು ನೋಡಿದಳು.

"ಏನ್ ಮೇಡಂ, ನಾವು ಒಂದ್ ಬಿಂದಿಗೆ ನೀರಿಗೆ ಸಾಯ್ತಾ ಇದೀವಿ. ನೀವು ಇಷ್ಟ್ ನೀರು ಹಾಕ್ಕೊಂಡು ಆಟ ಆಡ್ತಾ ಇದೀರಲ್ಲ!"

"ಆಟ ಅಲ್ಲ ಅಕ್ಕ, ಸರ್ಕಾರದ ಕೆಲಸ" ಎಂದೆ.

"ಆಯ್ತು, ಸರ್ಕಾರದ ಕೆಲ್ಸ ಆದ್ಮೇಲೆ ಆ ನೀರ್ನ ಏನ್ ಮಾಡ್ತೀರಿ?"

ಒಂದು ಪ್ರಯೋಗ ಮುಗಿದ ಮೇಲೆ ನೀರನ್ನು ಹೊರಗೆ ಬಿಟ್ಟು, ಕೊರೆದುಹೋದ ಮರಳನ್ನು ಮತ್ತೆ ಮೊದಲಿನಂತೆ ತಿದ್ದಬೇಕಿತ್ತು. ಅಷ್ಟೂ ನೀರು ಶೆಡ್ಡಿನ ಹಿಂದಿನ ಗುಂಡಿಗೆ ಹೋಗಿ ಇಂಗುತ್ತಿತ್ತು. ಅದನ್ನು ಹೇಳುವಾಗ ನನಗೇ ನಾಚಿಕೆಯಾಯಿತು. ಆದರೆ ನೀರು ಯಾವ ಕಡೆ ಸಾಗುತ್ತದೆಂದು ತಿಳಿಯಲು ನಾನು ಅದಕ್ಕೆ ನೇರಳೆ ಬಣ್ಣ ಬೆರೆಸುತ್ತಿದ್ದೆ. ಬಟ್ಟೆ ಒಗೆಯಲೂ ಬಾರದ ನೀರು ಅದು. ಮರುದಿನದಿಂದ ಬಣ್ಣ ಬಿಟ್ಟೆ. ಕಾಗದವನ್ನು ಸಣ್ಣದಾಗಿ ಕತ್ತರಿಸಿ ತೇಲಿಬಿಟ್ಟು, ಅವು ಹೋಗುವ ದಾರಿ ನೋಡಿ ಗುರುತು ಹಾಕಿಕೊಂಡೆ. ಕೆಲಸ ಸ್ವಲ್ಪ ಹೆಚ್ಚಾಯಿತು, ಅಷ್ಟೇ. ಸಂಜೆ ತೊಟ್ಟಿಯ ತೂಬು ತೆಗೆದರೆ ಹಿಂದುಗಡೆ ಕೇರಿಯ ಹೆಂಗಸರೆಲ್ಲ ಬಕೆಟ್ಟು, ಡ್ರಮ್ಮು, ಹಂಡೆ ಹಿಡಿದು ಸಾಲಾಗಿ ನಿಂತಿರುತ್ತಿದ್ದರು. ಕುಡಿಯುವುದಕ್ಕೆ ನೇರವಾಗಿ ಬೋರ್‌ವೆಲ್ಲಿನಿಂದಲೇ ಒಂದೊಂದು ಬಿಂದಿಗೆ.

ಅಧಿಕಾರಿ ಒಂದು ಸಂಜೆ ಬಂದವರು ಈ ಸಾಲನ್ನು ನೋಡಿ ಸ್ಕೂಟರ್ ನಿಲ್ಲಿಸಿದರು. "ಏನಮ್ಮ ಇದು? ಲ್ಯಾಬೋ, ಕೊಳಾಯಿ ಕಟ್ಟೆಯೋ?"

ನಾನು ವಿವರಿಸಿದೆ. ಕೇಳಿಸಿಕೊಂಡು, "ಮೋಟಾರ್ ಹತ್ರ ಮಾತ್ರ ಯಾರೂ ಬರ್ದೇ ಇರೋ ಹಾಗೆ ನೋಡ್ಕೋ" ಎಂದರು. ಅಷ್ಟೇ ಅಪ್ಪಣೆ.

ಅಕ್ಕ ಸರದಿಗೆ ಕಾಯುವ ಆಸಾಮಿಯಲ್ಲ. ಬೇಗನೆ ಬಂದು ಒಳಗೆ ತೊಟ್ಟಿಯ ಕಟ್ಟೆಯ ಮೇಲೆ ಕೂತುಬಿಡುತ್ತಿದ್ದಳು. ಶೆಡ್ಡು ನಿಂತ ಜಾಗ ಅವಳ ಮಾವನ ಹೊಲವಂತೆ. "ಇಲ್ಲೇ, ನಿಮ್ಮ ಆ ಹಲಗೆ ಐತಲ್ಲ, ಅಲ್ಲೇ ನಮ್ಮ ಕಣ ಇದ್ದದ್ದು" ಎನ್ನುತ್ತಿದ್ದಳು, ದುಃಖವೇನೂ ಇಲ್ಲದೆ. ಅವಳು ಸಮುದ್ರ ಕಂಡಿರಲಿಲ್ಲ. ನಾನೂ ಕಂಡದ್ದು ಒಂದೇ ಸಲ, ಕಾಲೇಜಿನ ಪ್ರವಾಸದಲ್ಲಿ. ಅದನ್ನು ಕೇಳಿ ಅವಳಿಗೆ ತಡೆಯಲಾರದ ನಗು. "ಕಂಡಿಲ್ದಿರೋರಿಗೇ ಸಮುದ್ರ ಮಾಡೋಕೆ ಕೊಟ್ಟವ್ರಲ್ಲ, ಸರ್ಕಾರ ಅಂದ್ರೆ ಸರ್ಕಾರ!"

ನಿಧಾನವಾಗಿ ಮೇಡಂ ಹೋಗಿ ನಾನು 'ಕಣವ್ವ' ಆದೆ. ಹುರುಳಿಕಾಳಿನ ಸಾರು, ಮುದ್ದೆ ತಂದು, "ನೆಂಚ್ಕೊಳ್ಳೋಕೆ ಮಾವಿನಕಾಯಿ ಐತೆ, ತಿನ್ನು ಕಣವ್ವ, ಗಾಳಿಗೆ ಹಾರೋಗ್ತೀಯ" ಎಂದು ಎದುರಿಗೆ ಕೂತು ತಿನ್ನಿಸುತ್ತಿದ್ದಳು. ಚಿಕ್ಕಪ್ಪನ ಮಗನೊಬ್ಬನಿಗೆ ಹೆಂಡತಿ ತೀರಿಹೋಗಿದ್ದಾಳೆ, ಬಿ.ಟಿ.ಎಂ. ಕಡೆ ಸೈಟು ಮಾಡಿದ್ದಾನೆ, ನೋಡುತ್ತೀಯಾ ಎಂದು ಒಂದು ದಿನ ಕೇಳಿದಳು. ಬೇಡ ಎಂದೆ. "ಸರಿ ಬಿಡು" ಎಂದು ಅಲ್ಲಿಗೇ ಮುಗಿಸಿದಳು. ನನ್ನನ್ನು ಯಾರೂ ಅಷ್ಟು ಸರಾಗವಾಗಿ ಕೇಳಿರಲಿಲ್ಲ, ಅಷ್ಟು ಸರಾಗವಾಗಿ ಬಿಟ್ಟಿರಲೂ ಇಲ್ಲ. ಸಾಲಿನಲ್ಲಿ ನಿಂತ ಉಳಿದ ಹೆಂಗಸರೂ ಕೂಗಿ ಮಾತಾಡಿಸುತ್ತಿದ್ದರು. ಊರೆಲ್ಲ ಮಳೆಗಾಗಿ ದೇವರಿಗೆ ಹರಕೆ ಹೊರುತ್ತಿದ್ದಾಗ ನಾನು ಬೆಳಿಗ್ಗೆ ಜಯನಗರದಲ್ಲಿ ಬಸ್ಸು ಹತ್ತುವಾಗ ಇವತ್ತು ಅಕ್ಕ ಏನು ಮಾತು ತರುತ್ತಾಳೋ ಎಂದು ಯೋಚಿಸುತ್ತಿದ್ದೆ.

ಮಳೆ ಬಂತು. ಅದರ ಹಿಂದೆಯೇ ಸಾರಕ್ಕಿಯ ಕೇರಿಗೆ ಹೊಸ ಪೈಪು ಬಂತು. ನೀರು ಬಿಡುವ ದಿನ ಅಕ್ಕ ಓಡಿ ಬಂದು ನನ್ನನ್ನು ಎಳೆದುಕೊಂಡು ಹೋದಳು. ಕೊಳಾಯಿಗೆ ಅರಿಶಿನ ಕುಂಕುಮ ಹಚ್ಚಿ, ಕಾಯಿ ಒಡೆದು ತಿರುಗಿಸಿದಾಗ ಮೊದಲು ಕೆಸರು, ಆಮೇಲೆ ತಿಳಿನೀರು. ಹೆಂಗಸರೆಲ್ಲ ಒಬ್ಬರ ಮೇಲೊಬ್ಬರು ನೀರೆರಚಿಕೊಂಡರು. ನನ್ನ ಸೀರೆಯೂ ನೆನೆಯಿತು. ನಾನೂ ನಕ್ಕೆ.

ಮರುದಿನ ಸಂಜೆ ತೂಬು ತೆಗೆದೆ. ಹಿಂದುಗಡೆ ಯಾರೂ ಇರಲಿಲ್ಲ. ನೀರು ಮೊದಲಿನಂತೆ ಗುಂಡಿಗೆ ಹೋಯಿತು. ಅದರ ಮರುದಿನವೂ ಅಷ್ಟೇ. ಅಕ್ಕ ಎರಡು ಸಲ ದಾರಿಯಲ್ಲಿ ಸಿಕ್ಕಳು. "ಬರ್ತೀನಿ ಕಣವ್ವ, ಮನೇಲಿ ಗಾರೆ ಕೆಲ್ಸ" ಎಂದಳು. ಅವರು ಬಾಡಿಗೆಗೆಂದು ಮೇಲೆ ರೂಮು ಕಟ್ಟಿಸುತ್ತಿದ್ದರು. ಬರಲಿಲ್ಲ. ಅವಳ ಮೇಲೆ ನನಗೆ ಸಿಟ್ಟು ಬರಲಿಲ್ಲ. ನೀರಿಗಾಗಿ ಬಂದಿದ್ದರು, ನೀರು ಮನೆಗೇ ಬಂದಿತ್ತು. ಆದರೂ ಮಧ್ಯಾಹ್ನದ ಡಬ್ಬಿ ತೆರೆದಾಗ ಬಾಗಿಲ ಕಡೆ ನೋಡುತ್ತಿದ್ದೆ. ಅಲ್ಲಿಯವರೆಗೆ ಒಂಟಿತನ ನನಗೆ ಅಭ್ಯಾಸವಾಗಿತ್ತು; ನಡುವೆ ಆ ಅಭ್ಯಾಸ ತಪ್ಪಿಹೋಗಿದೆಯೆಂದು ಆಗ ತಿಳಿಯಿತು.

ಈಗಿನ ನೀರಿನ ಮಟ್ಟದ ಪ್ರಯೋಗಗಳು ಮುಗಿದದ್ದು ಮುಂದಿನ ವರ್ಷ. ಆಮೇಲೆ ಯಾರೂ ಕೇಳದಿದ್ದ ಆ ಕೊನೆಯ ಪ್ರಯೋಗ. ಈಗಿನ ಮಟ್ಟಕ್ಕೆ ಗೊತ್ತಾದ ಜಾಗದಲ್ಲಿ ಪುಟ್ಟ ತಡೆಗೋಡೆ ಇಟ್ಟು, ತೊಟ್ಟಿಯ ನೀರನ್ನು ಒಂದು ಬೆರಳಿನ ದಪ್ಪದಷ್ಟು ಏರಿಸಿದೆ. ಅಲ್ಲಿನ ಲೆಕ್ಕದಲ್ಲಿ ಅದು ಮೊಣಕಾಲುದ್ದದ ಏರಿಕೆ. ಮಳೆಗಾಲದ ಅಲೆ ಎಬ್ಬಿಸಿ ಕಟ್ಟೆಯ ಮೇಲೆ ಕೂತೆ. ಬೆಳಿಗ್ಗೆಯೆಲ್ಲ ಹೆಚ್ಚೇನೂ ಆಗಲಿಲ್ಲ. ಮರಳು ಸಮುದ್ರದ ಕಡೆಯಿಂದ ಸಣ್ಣದಾಗಿ ಸವೆಯುತ್ತಿತ್ತು, ಇಳಿಜಾರು ಕಡಿದಾಗುತ್ತಿತ್ತು. ಮಧ್ಯಾಹ್ನದ ಮೇಲೆ, ದಿಬ್ಬದ ಅತಿ ಕಿರಿದಾದ ಕಡೆ, ಒಂದು ಅಲೆಯ ತುದಿ ಗೋಡೆ ದಾಟಿ ಮೇಲೆ ಹತ್ತಿ ಆಚೆಗೆ ಇಳಿಯಿತು. ಮುಂದಿನದು ಅದೇ ಜಾಡಿನಲ್ಲಿ ಹೋಯಿತು. ನೋಡನೋಡುತ್ತಲೇ ಜಾಡು ಕಾಲುವೆಯಾಗಿ, ಸಮುದ್ರ ನದಿಗೆ ನುಗ್ಗಿತು. ಅಂಚಿನ ಮರದ ತುಂಡುಗಳು ಒಂದೊಂದಾಗಿ ವಾಲಿ ನೀರಿಗೆ ಬಿದ್ದು, ಮಗುಚಿಕೊಂಡು ತೇಲಿದವು. ನಾನು ಮೋಟಾರು ನಿಲ್ಲಿಸಿದೆ. ನೀರಿನ ಅಂಚು ಎದ್ದು ಕಾಣಲೆಂದು ಅದರುದ್ದಕ್ಕೂ ಉಣ್ಣೆಯ ದಾರ ಹಾಸಿ ಫೋಟೋ ತೆಗೆದೆ. ಯಾರಿಗಾದರೂ ಹೇಳಬೇಕಿತ್ತು. ಬೀಗ ಹಾಕಿ ನೇರವಾಗಿ ಅಕ್ಕನ ಮನೆಗೆ ಹೋದೆ.

"ಬನ್ನಿ ಮೇಡಂ, ಬನ್ನಿ. ಲೇ, ಒಂದ್ ಚೇರ್ ಹಾಕ್ರೋ!" ಅವಳ ಸಂಭ್ರಮ ನಿಜವಾದದ್ದೇ. ಆದರೆ ನಾನು ಮತ್ತೆ ಮೇಡಂ ಆಗಿದ್ದೆ. ಹಾಲಿನಲ್ಲಿ ಹೊಸ ಟಿ.ವಿ.; ಕೇರಿಯ ಅರ್ಧ ಜನ ಅದರ ಮುಂದೆ. ಸ್ಟೀಲ್ ಲೋಟದಲ್ಲಿ ಕಾಫಿ ಕೊಟ್ಟಳು.

"ಅಕ್ಕ, ಇವತ್ತು ಒಡೆದುಹೋಯ್ತು" ಎಂದೆ.

"ಏನು, ತೊಟ್ಟಿನಾ?"

"ಅಲ್ಲ, ಆ ಊರು."

"ಅಯ್ಯೋ! ಜನ ಎಲ್ಲೋದ್ರು?"

"ಜನ ಇಲ್ಲ ಅಕ್ಕ. ಮರದ ತುಂಡು."

"ಇಲ್ಲಿ ತುಂಡು. ಅಲ್ಲಿ ಇದಾರಲ್ಲ?"

ಉತ್ತರ ಕೊಡುವಷ್ಟರಲ್ಲಿ ರೂಮು ಕೇಳಿಕೊಂಡು ಯಾರೋ ಬಾಗಿಲಿಗೆ ಬಂದರು. ಅವಳು ಬೀಗದ ಕೈ ತೆಗೆದುಕೊಂಡು ಮೇಲೆ ಹೋದಳು. ಟಿ.ವಿ.ಯ ಮುಂದಿನವರು ನಕ್ಕರು, ನಾನು ನೋಡಿರದ ಯಾವುದೋ ಕಾರ್ಯಕ್ರಮಕ್ಕೆ. ಕಾಫಿ ಮುಗಿಸಿ ಕಾದೆ. ಮೇಲೆ ಮಾತು ಮುಗಿಯುವಂತೆ ಕಾಣಲಿಲ್ಲ. ಹೊರಟು ಬಂದೆ.

ಅಧಿಕಾರಿ ಫೋಟೋಗಳನ್ನು ಬಹಳ ಹೊತ್ತು ನೋಡಿದರು. "ಯಾವಾಗ ಅಂತ ನಾವು ಹೇಳೋಕಾಗಲ್ಲ. ಎಲ್ಲಿ ಅಂತ ಹೇಳಬಹುದು. ಅಷ್ಟನ್ನೇ ಬರಿ" ಎಂದರು. ವರದಿ ಕಳಿಸುವ ಮುಂಚೆ ಜಾಗ ನೋಡಿ ಬಾ ಎಂದು ಅವರೇ ಹೇಳಿದ್ದರಿಂದ ನಾನು ಮೊದಲ ಸಲ ಆ ತೀರಕ್ಕೆ ಹೋದೆ. ಕೈಯಲ್ಲಿ ತಿದ್ದಿ ತಿದ್ದಿ ಕಂಠಪಾಠವಾಗಿದ್ದ ನೆಲ. ಆದರೆ ಅಷ್ಟು ಗಾಳಿಯನ್ನಾಗಲಿ, ಆ ವಾಸನೆಯನ್ನಾಗಲಿ ನಾನು ಊಹಿಸಿರಲಿಲ್ಲ. ತೊಟ್ಟಿಯಲ್ಲಿ ಒಡೆದ ಜಾಗದಲ್ಲಿ ದೋಣಿಗಳನ್ನು ಎಳೆದು ಹಾಕಿದ್ದರು. ಒಬ್ಬ ಹೆಂಗಸು ಮೀನು ಒಣಹಾಕುತ್ತಿದ್ದಳು.

"ಎಂತ ನೋಡುದು ನೀವು ಆಗಿಂದ?" ಎಂದು ಕೇಳಿದಳು.

ನಾನು ಹೇಳಿದೆ. ಮುಂದೆ ಸಮುದ್ರ ಏರಬಹುದು, ಈ ಜಾಗ ಎಲ್ಲಕ್ಕಿಂತ ಬಡಕಲು, ಇಲ್ಲಿ ಹೊಸ ಮನೆ ಕಟ್ಟಬೇಡಿ. ಅವಳು ಮೀನು ಮಗುಚುತ್ತಲೇ ಕೇಳಿಸಿಕೊಂಡಳು.

"ಅದು ತಿನ್ನುದು ನಮಗೆ ಗೊತ್ತುಂಟು. ಎಲ್ಲಿಗೆ ಹೋಗುದು ಅಂತ ಬರ್ದಿದ್ದೀರಾ ನೀವು?"

ಬರೆದಿರಲಿಲ್ಲ. ಬೆಂಗಳೂರಿಗೆ ಬಂದ ಮೇಲೆ ವರದಿಯ ಕೊನೆಗೆ ಒಂದು ಪುಟ ಸೇರಿಸಿದೆ: ನದಿಯ ಆಚೆ ದಡದಲ್ಲಿ ಇವರಿಗೆ ಜಾಗ ಕೊಡಬೇಕು, ದೋಣಿ ನಿಲ್ಲಿಸಲು ಅನುಕೂಲವಿರಬೇಕು ಎಂದು. ಅಧಿಕಾರಿ ಅದನ್ನು ತೆಗೆಯಲಿಲ್ಲ. ಮೇಲಿನವರು ಓದಿದರೋ ಇಲ್ಲವೋ. ಗೋಡೆಯನ್ನು ಈಗಿನ ಮಟ್ಟಕ್ಕೇ ಕಟ್ಟಿದರು.

ಶೆಡ್ಡನ್ನು ಮುಚ್ಚಿದರು. ಇನ್ನು ಮೇಲೆ ಇಂಥ ಲೆಕ್ಕವೆಲ್ಲ ಕಂಪ್ಯೂಟರಿನಲ್ಲಿ ಎಂದರು. ನನ್ನನ್ನು ಊರೊಳಗಿನ ಕಚೇರಿಗೆ ಕರೆಸಿಕೊಂಡರು. ತೊಟ್ಟಿಯ ಮರಳನ್ನು ಅಕ್ಕನ ಮನೆಯವರೇ ಗಾಡಿಯಲ್ಲಿ ಹೇರಿಕೊಂಡು ಹೋಗಿ ಎರಡನೆಯ ಮಹಡಿಗೆ ಬಳಸಿದರು. ನಾನೇ ಒಯ್ಯಲು ಹೇಳಿದ್ದು.

ಆ ದಶಕ ಮುಗಿಯುವ ಮುಂಚೆ, ಒಂದು ಮಳೆಗಾಲದಲ್ಲಿ, ಜಯನಗರದ ಬಸ್ ನಿಲ್ದಾಣದಲ್ಲಿ ಪತ್ರಿಕೆ ತೆಗೆದುಕೊಂಡಾಗ ಒಳಪುಟದಲ್ಲಿ ಸಣ್ಣ ಸುದ್ದಿ ಇತ್ತು. ಗೋಡೆ ಕುಸಿದು ಸಮುದ್ರ ನದಿಗೆ ನುಗ್ಗಿದೆ. ಊರಿನವರನ್ನು ಮೊದಲೇ ಶಾಲೆಗೆ ಸಾಗಿಸಿದ್ದರಿಂದ ಜೀವಹಾನಿ ಇಲ್ಲ. ಸುದ್ದಿಯಲ್ಲಿದ್ದ ಗುರುತುಗಳ ಪ್ರಕಾರ ಅದು ನಾವು ವರದಿಯಲ್ಲಿ ಗುರುತಿಸಿದ್ದ ಜಾಗಕ್ಕಿಂತ ಸ್ವಲ್ಪ ಉತ್ತರಕ್ಕೆ. ನಿವೃತ್ತರಾಗಿ ಮಗಳ ಜೊತೆಗಿದ್ದ ಅಧಿಕಾರಿಗೆ ಎಸ್‌ಟಿಡಿ ಬೂತಿನಿಂದ ಫೋನ್ ಮಾಡಿದೆ. ಮಗಳು ಎತ್ತಿಕೊಂಡು, "ಅಪ್ಪಂಗೆ ಈಗ ಅಷ್ಟಾಗಿ ಯಾವುದೂ ನೆನಪಿರಲ್ಲ. ಏನಾದ್ರೂ ಹೇಳ್ಬೇಕಿತ್ತಾ?" ಎಂದಳು.

"ಏನಿಲ್ಲಮ್ಮ, ಆರೋಗ್ಯ ವಿಚಾರಿಸೋಣ ಅಂತ" ಎಂದೆ.

ಹೊರಗೆ ಹನಿ ಶುರುವಾಗಿತ್ತು. ಪತ್ರಿಕೆಯನ್ನು ಮಡಚಿ ಬ್ಯಾಗಿಗೆ ಹಾಕಿಕೊಂಡು, ಕಚೇರಿಯ ಬಸ್ಸಿಗೆ ನಿಂತೆ.